ಮರಳಲ್ಲಿ ಸಿಕ್ಕ ಕೈ

ಹೊಳೆದಂಡೆಯ ಗುರು ಸಾಂಬಯ್ಯನವರು ಯಾವ ಎಲುಬನ್ನು ಕೈಗೆತ್ತಿಕೊಂಡರೂ ಅದು ಯಾರದೆಂದು ಹೇಳಿಬಿಡುತ್ತಾರೆ ಎಂದು ಆಗ ಎಲ್ಲರೂ ನಂಬಿದ್ದರು.

ನಂಬಲು ಕಾರಣವೂ ಇತ್ತು. ಅವರ ಆಶ್ರಮದಲ್ಲಿ ದೇವರಿರಲಿಲ್ಲ, ಎಲುಬುಗಳಿದ್ದವು. ಹುಲ್ಲು ಹೊದಿಸಿದ ಒಂದು ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಹಲಗೆಗಳು. ಹಲಗೆಗಳ ಮೇಲೆ ನರಿಯ ತಲೆಬುರುಡೆ, ನವಿಲಿನ ಎದೆಗೂಡು, ಮೊಸಳೆಯ ದವಡೆ, ಬೆಣಚುಕಲ್ಲು, ಒಡೆದರೆ ಒಳಗೆ ಹರಳು ಮಿನುಗುವ ಗುಂಡುಕಲ್ಲು. ಸಾರಾಯಿ ತುಂಬಿದ ಸೀಸೆಯಲ್ಲಿ ಎರಡು ತಲೆಯ ಹಾವಿನ ಮರಿ. ಪ್ರತಿಯೊಂದಕ್ಕೂ ಒಂದು ಚೀಟಿ. ಚೀಟಿಯ ಮೇಲೆ ಅದು ಏನು, ಎಲ್ಲಿ ಸಿಕ್ಕಿತು, ಯಾವ ಮಾಸದಲ್ಲಿ.

ಹಿಂದೆ ಒಬ್ಬ ಶಿಷ್ಯ ಆ ಸೀಸೆಯ ಸಾರಾಯಿ ಕುಡಿದು ನೀರು ತುಂಬಿಸಿಟ್ಟಿದ್ದ. ಆ ಹಾವು ಕೊಳೆತುಹೋಯಿತು. ಈಗಿರುವುದು ಎರಡನೆಯದು. ಶಿಷ್ಯನೂ ಬೇರೆ.

ಒಮ್ಮೆ ಯಾತ್ರಿಕನೊಬ್ಬ ಕೇಳಿದ್ದ, "ಗುರುಗಳೇ, ಎಲುಬನ್ನೇ ಯಾಕೆ ಕೂಡಿಡುತ್ತೀರಿ?"

"ಮಾಂಸ ಉಳಿಯುವುದಿಲ್ಲ," ಎಂದಿದ್ದರು ಗುರುಗಳು.

ಜನ ಆ ಮಾತನ್ನು ಸುಣ್ಣದಲ್ಲಿ ಹೊರಗಿನ ಗೋಡೆಯ ಮೇಲೆ ಬರೆದರು. ಅದರ ಮುಂದೆ ಕೈ ಮುಗಿದು ನಿಲ್ಲುವವರೂ ಇದ್ದರು. ಗುರುಗಳು ಹೇಳಿದ್ದು ಕೆಲಸದ ವಿಚಾರ.

ಭರಮಪ್ಪ ಗೋಡೆ ಓದಲು ಬಂದವನಲ್ಲ. ಅವನು ಅಂಬಿಗ. ಅಣ್ಣ ದುರುಗಪ್ಪನ ಜೊತೆ ಹರಿಗೋಲು ಹಾಕುತ್ತಿದ್ದವನು.

"ಏನು ಕಲಿಯಬೇಕು?" ಎಂದು ಗುರುಗಳು ಕೇಳಿದರು.

"ಎಲುಬು ಗುರುತಿಸುವುದನ್ನು."

"ಯಾವ ಪ್ರಾಣಿಯದು?"

"ಮನುಷ್ಯನದು. ಒಬ್ಬನದು."

ಗುರುಗಳು ಬರೆಯುತ್ತಿದ್ದ ಚೀಟಿಯನ್ನು ಕೆಳಗಿಟ್ಟರು.

"ನೆರೆಯಲ್ಲಿ ಹರಿಗೋಲು ಬಂಡೆಗೆ ಬಡಿದು ಮಗುಚಿತು," ಎಂದ ಭರಮಪ್ಪ. "ನನಗೆ ಒಂದು ಕೊಂಬೆ ಸಿಕ್ಕಿತು. ಒಂದು ಕೈಯಲ್ಲಿ ಕೊಂಬೆ, ಇನ್ನೊಂದು ಕೈಯಲ್ಲಿ ಅಣ್ಣನ ಕೈ. ಆಮೇಲೆ ಕೊಂಬೆ ಮಾತ್ರ ಉಳಿಯಿತು. ಕೈ ಜಾರಿತು ಅಂತ ಊರಲ್ಲಿ ಹೇಳಿದ್ದೇನೆ."

"ಜಾರಲಿಲ್ಲವೇ?"

"ಕೊಂಬೆ ಮುರಿಯುವ ಹಾಗೆ ಸದ್ದಾಯಿತು. ಬಿಟ್ಟೆ."

ಗುರುಗಳು ಎದ್ದುಹೋಗಿ ಒಂದು ಬುಟ್ಟಿ ತಂದು ಅವನ ಮುಂದೆ ಸುರಿದರು. ಎಲ್ಲಾ ಎಲುಬುಗಳು.

"ಇದರಲ್ಲಿ ಕುರಿ ಯಾವುದು, ನಾಯಿ ಯಾವುದು, ಬೇರೆ ಮಾಡು."

ಇದೇ ತನಗೆ ಸಿಕ್ಕ ಉತ್ತರ ಎಂದುಕೊಂಡ ಭರಮಪ್ಪ ಕಣ್ಣೊರೆಸಿಕೊಂಡು ಕೂತ. ಆ ಬುಟ್ಟಿ ಬೇರೆ ಮಾಡುವವರಿಲ್ಲದೆ ಎರಡು ತಿಂಗಳಿಂದ ಮೂಲೆಯಲ್ಲಿತ್ತು ಎಂಬುದು ಅವನಿಗೆ ಗೊತ್ತಾದದ್ದು ಮುಂದೆ.

ಅವನ ಊರಿನ ಅಂಬಿಗರಲ್ಲಿ ಒಂದು ಕಟ್ಟಳೆಯಿತ್ತು. ಹೊಳೆ ಒಯ್ದವನ ಒಂದು ಎಲುಬಾದರೂ ಸಿಗುವ ತನಕ ಅವನು ಸತ್ತವನಲ್ಲ. ಅವನ ದಿನ ಮಾಡುವಂತಿಲ್ಲ. ಅವನ ಹೆಂಡತಿ ಬಳೆ ತೆಗೆಯುವಂತಿಲ್ಲ. ಊಟದ ಹೊತ್ತಿಗೆ ಅವನಿಗೂ ಒಂದು ತಟ್ಟೆ ಹಾಕಬೇಕು.

ಅತ್ತಿಗೆ ಪಾರವ್ವ ದಿನಾ ಎರಡು ಹೊತ್ತು ಆ ತಟ್ಟೆ ಹಾಕುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು, ಅದರಲ್ಲಿದ್ದುದನ್ನು ತಾನೇ ಉಣ್ಣುತ್ತಿದ್ದಳು. ತಾನು ಬೇರೆ ಬಡಿಸಿಕೊಳ್ಳುತ್ತಿರಲಿಲ್ಲ.

"ಅಣ್ಣನಿಗೆ ಹಾಕಿದ್ದನ್ನು ನೀನು ಉಂಡರೆ ಹೇಗೆ, ಅತ್ತಿಗೆ?" ಎಂದು ಭರಮಪ್ಪ ಒಮ್ಮೆ ಕೇಳಿದ್ದ.

"ಬಂದರೆ ಬಿಸಿಯದ್ದು ಮಾಡಿಹಾಕ್ತೀನಿ ಬಿಡು," ಎಂದಿದ್ದಳು.

ಪ್ರತಿವರ್ಷ ನೆರೆ ಇಳಿದ ಮೇಲೆ ಭರಮಪ್ಪ ಹೊಳೆಯ ಮರಳದಿಬ್ಬಗಳನ್ನು ಸೋಸುತ್ತಿದ್ದ. ಸಿಕ್ಕದ್ದನ್ನು ಗುರುಗಳ ಮುಂದೆ ತಂದಿಡುತ್ತಿದ್ದ.

"ಎಮ್ಮೆ," ಎನ್ನುತ್ತಿದ್ದರು ಗುರುಗಳು.

"ಇದು?"

"ಕತ್ತೆ."

"ಇದು, ಗುರುಗಳೇ? ಇದು ತೋಳಿನ ಹಾಗಿದೆ."

"ಇದು ಎಲುಬೇ ಅಲ್ಲ. ಬೇರು."

ನಾಲ್ಕನೆಯ ವರ್ಷ, ಕಾರ್ತಿಕದಲ್ಲಿ, ಹೊಳೆ ತಿರುಗುವಲ್ಲಿದ್ದ ದಿಬ್ಬದಲ್ಲಿ ಅವನ ಕಾಲಿಗೆ ಏನೋ ಚುಚ್ಚಿತು. ಬಗ್ಗಿ ಮರಳು ಸರಿಸಿದ. ಐದು ಬೆರಳಿನ ಎಲುಬುಗಳು. ಒಣಗಿದ ನರ ಅವನ್ನು ಇನ್ನೂ ಒಟ್ಟಿಗೆ ಹಿಡಿದಿತ್ತು. ತುದಿಗಳಿರಲಿಲ್ಲ.

ಅವನು ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ಓಡಿದ.

ಗುರುಗಳು ಅದನ್ನು ಬಹಳ ಹೊತ್ತು ಹಿಡಿದಿದ್ದರು. ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ಬೆಳಕಿಗೆ ಹಿಡಿದರು. ಅಷ್ಟು ಹೊತ್ತು ಅವರು ಯಾವ ಎಲುಬನ್ನೂ ನೋಡಿದ್ದನ್ನು ಭರಮಪ್ಪ ಕಂಡಿರಲಿಲ್ಲ.

"ಮನುಷ್ಯನದು," ಎಂದರು. "ಬಲಗೈ. ಗಂಡಸಿನದು. ದುಡಿದ ಕೈ."

"ತುದಿ?"

"ಮೀನು ತಿಂದಿರಬೇಕು."

"ಅಣ್ಣನದೇ?"

ಗುರುಗಳು ಬಿಂದಿಗೆಯ ನೀರಿನಲ್ಲಿ ಆ ಎಲುಬುಗಳನ್ನು ತೊಳೆದರು. ತಮ್ಮ ಹೆಗಲಮೇಲಿನ ವಸ್ತ್ರದಿಂದ ಒರೆಸಿದರು. ಭರಮಪ್ಪನ ಬಲ ಅಂಗೈಯಲ್ಲಿಟ್ಟು ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದರು.

ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಭರಮಪ್ಪ ಬಾಯಿಬಿಟ್ಟು ಅತ್ತ. ಬಿಟ್ಟ ಕೈ ತಾನಾಗಿ ಬಂದು ತನ್ನ ಕೈ ಹಿಡಿದಿದೆ ಎಂದು ಅವನಿಗೆ ಅನ್ನಿಸಿತು. ನೋಡಲು ಬಂದಿದ್ದ ಯಾತ್ರಿಕರಿಗೂ ಹಾಗೇ ಅನ್ನಿಸಿತು. ಅವರು ಊರೂರಿಗೆ ಹೋಗಿ ಹೇಳಿದರು.

ಆಶ್ರಮದಿಂದ ಹೊರಗೆ ಹೋಗುವ ಯಾವ ಎಲುಬಿಗೂ ಒಂದು ನಿಯಮವಿತ್ತು. ಗುರುಗಳು ಅದನ್ನು ದಪ್ಪ ಪುಸ್ತಕದ ಹಾಳೆಯ ಮೇಲಿಟ್ಟು ಸುತ್ತ ಮಸಿಯಲ್ಲಿ ಗೆರೆ ಎಳೆದುಕೊಂಡೇ ಬಿಡುತ್ತಿದ್ದರು. ಆ ಕೈಗೂ ಎಳೆದುಕೊಂಡರು.

ಊರಿನಲ್ಲಿ ಪಾರವ್ವ ಅದನ್ನು ನೋಡಿದಳು. ಮುಟ್ಟಲಿಲ್ಲ.

"ಇದು ಅವರ ಕೈ ಅಲ್ಲ," ಎಂದಳು.

ಕುಲದ ಹಿರಿಯ ನಕ್ಕ. "ಎಲುಬಿಗೆ ಮುಖ ಇರುತ್ತದೇನವ್ವಾ, ನೀನು ಗುರುತು ಹಿಡಿಯೋಕೆ?"

"ಅವರ ಕಿರುಬೆರಳು ಹಗ್ಗಕ್ಕೆ ಸಿಕ್ಕು ಮುರಿದಿತ್ತು. ನಾನೇ ಬಿದಿರುಕಡ್ಡಿ ಇಟ್ಟು ಕಟ್ಟಿದ್ದೆ. ಸೊಟ್ಟ ಕೂತಿತ್ತು. ಇದು ನೋಡಿ, ನೆಟ್ಟಗಿದೆ."

"ಗುರುಗಳು ಹೇಳಿದ್ದಾರೆ, ಅತ್ತಿಗೆ," ಎಂದ ಭರಮಪ್ಪ.

"ನಿನ್ನ ಗುರುಗಳು ನನ್ನ ಗಂಡನ ಕೈ ಹಿಡಿದಿದ್ದರಾ?"

"ಸಾವಿರ ಎಲುಬು ಹಿಡಿದಿದ್ದಾರೆ."

"ನಾನು ಒಂದೇ ಹಿಡಿದಿದ್ದೆ ಕಣೋ."

ಎಲ್ಲರೂ ಭರಮಪ್ಪನ ಮುಖ ನೋಡಿದರು. ಆ ಸೊಟ್ಟ ಬೆರಳು ಅವನಿಗೂ ನೆನಪಿತ್ತು. ಯಾವ ಕೈಯದು ಎಂಬುದು ನೆನಪಿರಲಿಲ್ಲ.

"ಅದು ಎಡಗೈ," ಎಂದ. "ಇದು ಬಲಗೈ."

ಪಾರವ್ವ ಅವನನ್ನೇ ನೋಡುತ್ತ ನಿಂತಳು. ಆಮೇಲೆ ಹೆಂಗಸರು ಅವಳನ್ನು ಒಳಗೆ ಕರೆದುಕೊಂಡು ಹೋದರು. ಬಳೆ ಒಡೆಯುವ ಸದ್ದು ಹೊರಗೆ ಕೇಳಿಸಿತು. ಸಂಜೆ ಹೊತ್ತಿಗೆ ದುರುಗಪ್ಪನ ತಟ್ಟೆಯನ್ನು ಬೋರಲು ಹಾಕಿ ಅಟ್ಟಕ್ಕೆ ಏರಿಸಿದರು. ಮರುದಿನ ಭರಮಪ್ಪ ಆ ಎಲುಬುಗಳನ್ನು ಹೂವಿನ ಜೊತೆ ಹೊಳೆಗೆ ಬಿಟ್ಟ.

ಅಂದಿನಿಂದ ಅವನಿಗೆ ನಿದ್ದೆ ಬರತೊಡಗಿತು.

ಅವನು ಊರಿನಲ್ಲಿ ಉಳಿಯಲಿಲ್ಲ. ಆಶ್ರಮಕ್ಕೆ ಮರಳಿ ಬಂದು ಗುರುಗಳ ಜೊತೆಯೇ ಉಳಿದ. ಮರಳು ಸೋಸುವುದನ್ನು ಬಿಟ್ಟ. ಇನ್ನು ಯಾಕೆ ಸೋಸಬೇಕು? ಏಳು ವರ್ಷ ಕಳೆಯಿತು. ಎರಡು ದೊಡ್ಡ ನೆರೆ ಬಂದವು. ಎರಡನೆಯದು ಹೊಳೆ ತಿರುಗುವಲ್ಲಿದ್ದ ದಿಬ್ಬವನ್ನು ಪೂರ್ತಿ ಎತ್ತಿಕೊಂಡು ಹೋಯಿತು. ಭರಮಪ್ಪ ದಡದಲ್ಲಿ ನಿಂತು ನೋಡಿದ. ಅವನಿಗೆ ಏನೂ ಅನ್ನಿಸಲಿಲ್ಲ. ತನಗೆ ಏನೂ ಅನ್ನಿಸದಿರುವುದೇ ಗುರುಕೃಪೆ ಎಂದು ಅವನು ತಿಳಿದ.

ಏಳನೆಯ ವರ್ಷದ ಮಾಘದಲ್ಲಿ ಕರಡಿ ಕುಣಿಸುವ ಮಸ್ತಾನ ಸಾಬ ಒಂದು ಎತ್ತಿನ ಗಾಡಿಯನ್ನು ಆಶ್ರಮದ ಮುಂದೆ ನಿಲ್ಲಿಸಿದ. ಗಾಡಿಯಲ್ಲಿ ಅವನ ಕರಡಿ ಸತ್ತು ಬಿದ್ದಿತ್ತು.

"ಇವನ ಹೆಸರು ನವಾಬ," ಎಂದ. "ಹದಿನಾಲ್ಕು ವರ್ಷ ಕುಣಿದ. ಹೂತರೆ ನಾಯಿ ಕೆದರುತ್ತವೆ. ಇಲ್ಲಿ ಇಟ್ಟರೆ ಉಳೀತಾನಂತೆ."

ಗುರುಗಳು ಆಗಲೇ ಗಾಡಿಯ ಸುತ್ತ ಎರಡು ಸುತ್ತು ಬಂದಿದ್ದರು. ಕರಡಿಯ ತುಟಿ ಎತ್ತಿ ಬಾಯಿ ನೋಡಿದರು.

"ಹಲ್ಲೆಲ್ಲಿ?"

"ಮರಿಯಾಗಿದ್ದಾಗಲೇ ಕೀಳಿಸಿದ್ದು. ಇಲ್ಲದಿದ್ದರೆ ನನ್ನ ಕೈ ಇರುತ್ತಿತ್ತೇ, ಸ್ವಾಮಿ?"

"ಮೈ ಪೂರ್ತಿ ಕೊಡುತ್ತೀಯಾ?"

"ಪೂರ್ತಿ ಕೊಡ್ತೀನಿ. ಉಗುರು ಮಾತ್ರ ನನಗೆ. ಹೆದರಿಕೊಳ್ಳೋ ಮಕ್ಕಳ ಕೊರಳಿಗೆ ಕಟ್ಟುತ್ತಾರೆ. ಹೊಸ ಮರಿ ಸಿಗೋ ತನಕ ಹೊಟ್ಟೆ ನಡೀಬೇಕಲ್ಲ."

ಅವನು ಸೊಂಟದಿಂದ ಚೂರಿ ತೆಗೆದ. ಪ್ರತಿ ಬೆರಳ ಕೊನೆಯ ಗೆಣ್ಣಿಗೆ ಚೂರಿ ಇಟ್ಟು ಒತ್ತಿ ತಿರುಗಿಸಿದರೆ ಉಗುರಿನ ಜೊತೆ ತುದಿಯ ಎಲುಬೂ ಕಳಚಿ ಬರುತ್ತಿತ್ತು. ಇಪ್ಪತ್ತು ಉಗುರು ತೆಗೆಯುವಷ್ಟೂ ಹೊತ್ತು ಅವನು ಅಳುತ್ತಿದ್ದ. ಒಂದು ಉಗುರೂ ಒಡೆಯಲಿಲ್ಲ. ಆಮೇಲೆ ನವಾಬನ ಮೂಗುದಾರದ ಹಗ್ಗವನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಹೋದ.

ಸುಲಿಯುವ, ಕೊಯ್ಯುವ ಕೆಲಸ ಭರಮಪ್ಪನದು. ಅದರಲ್ಲಿ ಅವನು ಈಗ ಪಳಗಿದ್ದ. ದೊಡ್ಡ ಎಲುಬುಗಳನ್ನು ಗೋಣಿಚೀಲಕ್ಕೆ ತುಂಬಿ ಹರಿಯುವ ನೀರಿಗೆ ಇಳಿಬಿಟ್ಟ. ಸಣ್ಣವು ಕಲಸಿಹೋಗದಂತೆ ನಾಲ್ಕು ಪಾದಗಳನ್ನು ನಾಲ್ಕು ಬಟ್ಟೆಚೀಲದಲ್ಲಿ ಬೇರೆ ಬೇರೆ ಕಟ್ಟಿದ. ಉಳಿದದ್ದು ಮೀನುಗಳ ಕೆಲಸ.

ಗುರುಗಳು ದಿನಕ್ಕೆ ಮೂರು ಸಲ ದಡಕ್ಕೆ ಬಂದು ಕೇಳುತ್ತಿದ್ದರು, "ಆಯಿತೇ?" ಹಬ್ಬದ ಅಡುಗೆ ಆಯಿತೇ ಎಂದು ಕೇಳುವವರ ಹಾಗೆ. ತಲೆಬುರುಡೆಗೆ ಜಾಗ ಮಾಡಲು ಮೊಲಗಳನ್ನೆಲ್ಲ ಕೆಳಗಿನ ಹಲಗೆಗೆ ಇಳಿಸಿದರು.

ಇಪ್ಪತ್ತೆರಡನೆಯ ದಿನ ಭರಮಪ್ಪ ಚೀಲಗಳನ್ನು ಮೇಲೆತ್ತಿದ. ಎಲುಬುಗಳನ್ನು ಸುಣ್ಣದ ತಿಳಿನೀರಿನಲ್ಲಿ ತೊಳೆದ. ಮುಂಗಾಲಿನ ಬಲ ಪಾದದ ಚೀಲ ಬಿಚ್ಚಿ ಹಲಗೆಯ ಮೇಲೆ ಸುರಿದು, ಒಂದೊಂದನ್ನೇ ಅದರದರ ಜಾಗಕ್ಕೆ ಜೋಡಿಸಿದ.

ಜೋಡಿಸಿ ಮುಗಿಸಿ ಕೈ ಹಿಂದಕ್ಕೆಳೆದುಕೊಂಡ.

ಹಲಗೆಯ ಮೇಲೆ ಮನುಷ್ಯನ ಕೈ ಮಲಗಿತ್ತು. ಐದು ಬೆರಳು. ತುದಿಗಳಿರಲಿಲ್ಲ.

ಅವನು ಒಳಗೆ ಹೋಗಿ ದಪ್ಪ ಪುಸ್ತಕ ತಂದು ಏಳು ವರ್ಷದ ಹಿಂದಿನ ಹಾಳೆ ತೆಗೆದ. ಗುರುಗಳ ಅಕ್ಷರ: ಮನುಷ್ಯ. ಬಲಗೈ. ಹೊಳೆ ತಿರುಗುವಲ್ಲಿನ ದಿಬ್ಬ. ಕಾರ್ತಿಕ. ಕೆಳಗೆ ಮಸಿಯ ಗೆರೆ.

ಕರಡಿಯ ಎಲುಬುಗಳನ್ನು ಅವನು ಆ ಗೆರೆಯೊಳಗೆ ಇಟ್ಟ. ಮೊದಲನೆಯದು ಕೂತಿತು. ಎರಡನೆಯದು ಕೂತಿತು. ಐದನೆಯದನ್ನು ಇಡುವಾಗ ಎಲುಬು ಅವನ ಕೈಯಿಂದ ಜಾರಿತು. ಮತ್ತೆ ಇಟ್ಟ. ಕೂತಿತು.

ಬೆರಳುಗಳೆಲ್ಲ ಒಂದೇ ಗೆಣ್ಣಿನಲ್ಲಿ ಕೊಯ್ದಂತೆ ಮುಗಿದಿದ್ದವು, ಗೆರೆಯಲ್ಲೂ, ಎಲುಬಿನಲ್ಲೂ. ಮೀನು ಅಷ್ಟು ಅಚ್ಚುಕಟ್ಟಾಗಿ ತಿನ್ನುವುದಿಲ್ಲ. ಹೊಳೆಯ ಮೇಲ್ಗಡೆ, ಬೆಟ್ಟದ ಕಡೆ ಎಲ್ಲೋ, ಯಾರೋ ಸತ್ತ ಕರಡಿಯ ಉಗುರು ತೆಗೆದುಕೊಂಡು ಉಳಿದದ್ದನ್ನು ನೀರಿಗೆ ತಳ್ಳಿದ್ದರು.

ಭರಮಪ್ಪ ತನ್ನ ಬಲಗೈಯನ್ನು ಅದರ ಪಕ್ಕಕ್ಕಿಟ್ಟ. ಅವನ ಹೆಬ್ಬೆರಳು ಗಿಡ್ಡ, ದಪ್ಪ, ಉಳಿದವುಗಳಿಂದ ದೂರ ನಿಂತದ್ದು. ಹಾಳೆಯ ಮೇಲಿದ್ದ ಐದೂ ಸಾಲಾಗಿ, ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ನಿಂತವು. ಕಣ್ಣಿದ್ದ ಯಾರಾದರೂ ನೋಡಬಹುದಾದ ವ್ಯತ್ಯಾಸ. ಅಂದು ಊರಿಗೆ ನಡೆಯುವಾಗ ಆ ಎಲುಬುಗಳನ್ನು ಅವನು ಒಂದು ಹಗಲಿಡೀ ಅಂಗೈಯಲ್ಲಿ ಹಿಡಿದಿದ್ದ.

ಗುರುಗಳು ದಡದಲ್ಲಿ ಕೂತು ಕರಡಿಯ ತಲೆಬುರುಡೆಯನ್ನು ಬೇವಿನಕಡ್ಡಿಯಿಂದ ಕೆರೆಯುತ್ತಿದ್ದರು. ಭರಮಪ್ಪ ಪುಸ್ತಕವನ್ನು, ಅದರ ಮೇಲಿನ ಎಲುಬುಗಳ ಸಮೇತ, ಊಟದ ತಟ್ಟೆ ಹಿಡಿಯುವಂತೆ ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಇಟ್ಟ.

"ಗುರುಗಳೇ, ಇದು ಯಾರದು?"

ಗುರುಗಳು ಎಲುಬನ್ನು ನೋಡಿದರು. ಒಂದು ಎಲುಬನ್ನೆತ್ತಿ ಅದರ ಕೆಳಗಿನ ಗೆರೆ ನೋಡಿದರು. ಮತ್ತೆ ಅಲ್ಲೇ ಇಟ್ಟರು.

"ಕರಡಿಯದು."

"ಮೇಲಿರುವುದು ಸರಿ. ಕೆಳಗಿನದು?"

"ಅದೂ."

ಭರಮಪ್ಪ ಮರಳಿನ ಮೇಲೆ ಕೂತ. ಹೊಳೆಯಲ್ಲಿ ನೀರು ಕಡಿಮೆಯಿತ್ತು. ಆಚೆ ದಡದಲ್ಲಿ ಯಾರೋ ದನ ತೊಳೆಯುತ್ತಿದ್ದರು.

"ನೀವು ಬೇಕೆಂದೇ ಮಾಡಿದಿರಿ," ಎಂದ ಕೊನೆಗೆ. "ನಾನು ಆಗ ಸಾಯುವ ಹಾಗಿದ್ದೆ. ಅದನ್ನು ನೋಡಲಾರದೆ ಕೊಟ್ಟಿರಿ. ಅಲ್ಲವೇ?"

ಗುರುಗಳು ತಲೆಬುರುಡೆಯನ್ನು ಬಟ್ಟೆಯ ಮೇಲಿಟ್ಟರು.

"ಅಥವಾ ಪರೀಕ್ಷೆ. ಒಂದು ದಿನ ಇವನೇ ಕಂಡುಕೊಳ್ಳಲಿ ಅಂತ ಏಳು ವರ್ಷ ಕಾದಿರಿ. ಕಂಡುಕೊಂಡೆ, ನೋಡಿ. ಈಗ ಹೇಳಿ."

"ಪರೀಕ್ಷೆ ಅಲ್ಲ, ಭರಮಪ್ಪಾ."

"ಹಾಗಾದರೆ ಕರಡಿಯ ಕೈಯೂ ಅಣ್ಣನ ಕೈಯೂ ಒಂದೇ ಅಂತ ತೋರಿಸಿದಿರಿ. ಚರ್ಮ ತೆಗೆದ ಮೇಲೆ ಎಲ್ಲಾ ಒಂದೇ ಅಂತ."

"ಒಂದೇ ಆಗಿದ್ದರೆ ಇಷ್ಟೊಂದು ಚೀಟಿ ಯಾಕೆ ಬರೆಯುತ್ತಿದ್ದೆ?"

ಭರಮಪ್ಪ ಗುರುಗಳ ಮುಖವನ್ನೇ ನೋಡಿದ. ಹನ್ನೊಂದು ವರ್ಷ ನೋಡಿದ ಮುಖ. ಅದರಲ್ಲಿ ಏನೋ ಅಡಗಿದೆ ಎಂದು ಅವನು ಹನ್ನೊಂದು ವರ್ಷ ನೋಡಿದ್ದ.

"ಅತ್ತಿಗೆ ಬಳೆ ಒಡೆದುಕೊಂಡಳು," ಎಂದ. "ಅದು ಅವರ ಕೈ ಅಲ್ಲ ಅಂತ ಎಲ್ಲರ ಎದುರಿಗೆ ಹೇಳಿದಳು. ಅವಳ ಬಾಯಿ ಮುಚ್ಚಿಸಿದವನು ನಾನು. ಎಡಗೈ ಅಂದೆ. ಎಡಗೈಯೋ ಬಲಗೈಯೋ ನನಗೆ ಈವತ್ತಿಗೂ ಗೊತ್ತಿಲ್ಲ. ನಾನು ಹುಡುಕುವುದನ್ನು ಬಿಟ್ಟೆ. ಅವನು ಆ ದಿಬ್ಬದಲ್ಲೇ ಇದ್ದನೋ ಏನೋ. ಈಗ ದಿಬ್ಬವೇ ಇಲ್ಲ."

"ಇಲ್ಲ," ಎಂದರು ಗುರುಗಳು.

"ಇನ್ನು ಸಿಗುತ್ತಾನೆಯೇ?"

"ಇಲ್ಲ."

"ಒಂದು ಎಲುಬು?"

"ಹನ್ನೊಂದು ವರ್ಷ, ಭರಮಪ್ಪಾ. ಹೊಳೆ ಕಲ್ಲನ್ನೇ ಅರೆದು ಮರಳು ಮಾಡುತ್ತದೆ."

ಭರಮಪ್ಪ ಮೊಣಕಾಲ ಮೇಲೆ ಎದ್ದ. ಗುರುಗಳ ಕಾಲು ಹಿಡಿದ. ಇಷ್ಟು ವರ್ಷದಲ್ಲಿ ಅವನು ಎಂದೂ ಕಾಲು ಹಿಡಿದಿರಲಿಲ್ಲ. ಅವರಿಗೆ ಅದು ಇಷ್ಟವಿರಲಿಲ್ಲ.

"ಅಣ್ಣ ಬೇಡ. ಎಲುಬೂ ಬೇಡ. ನಾಳೆ ನಾನು ಅವಳ ಬಾಗಿಲಿಗೆ ಹೋಗಿ ನಿಲ್ಲಬೇಕು. ಏನಾದರೂ ಹೇಳಬೇಕು. ಸುಳ್ಳೇ ಆಗಲಿ, ಬೇಕೆಂದು ಹೇಳಿದ ಸುಳ್ಳು ಅನ್ನಿ. ಗುರುಗಳಿಗೆ ಗೊತ್ತಿತ್ತು, ಗೊತ್ತಿದ್ದೇ ಕೊಟ್ಟರು ಅಂತ ಅವಳಿಗೆ ಹೇಳುತ್ತೇನೆ. ಅವಳು ನಿಮ್ಮನ್ನು ಬೈಯಲಿ. ನನ್ನ ಮುಖಕ್ಕೆ ಉಗಿಯಲಿ. ಒಬ್ಬರಿಗಾದರೂ ಗೊತ್ತಿತ್ತು ಅಂತ ಆದರೆ ಸಾಕು. ಅಷ್ಟು ಹೇಳಿ."

ಗುರುಗಳು ಕಾಲು ಬಿಡಿಸಿಕೊಳ್ಳಲಿಲ್ಲ. ಬೇವಿನಕಡ್ಡಿಯನ್ನು ಕೆಳಗಿಟ್ಟರು. ಹಾಳೆಯ ಮೇಲಿನ ಎಲುಬುಗಳನ್ನು ಒಂದೊಂದಾಗಿ ಎತ್ತಿ ಪಕ್ಕದ ಬಟ್ಟೆಯ ಮೇಲೆ ಇಟ್ಟರು. ಸೊಂಟದಿಂದ ಮಸಿಯ ಕುಡಿಕೆ, ಲೆಕ್ಕಣಿಕೆ ತೆಗೆದರು. 'ಮನುಷ್ಯ' ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಕರಡಿ' ಎಂದು ಬರೆದರು. ಮಸಿ ಒಣಗುವ ತನಕ ಊದಿದರು.

ಆಮೇಲೆ ಹೇಳಿದರು:

"ಈ ನವಾಬ ಬರುವ ತನಕ ನಾನು ಕರಡಿಯ ಎಲುಬನ್ನು ನೋಡಿಯೇ ಇರಲಿಲ್ಲ."